ಪೊಟ್ಟಣದ ಮುಂದಿನ ಮಾತೂ ಹಿಂದಿನ ಸಾಕ್ಷಿಯೂ

(ಸಂಸಾರಸ್ಥರಿಗೂ ತಾಯಂದಿರ ಕೂಟಗಳಿಗೂ ಒಂದು ಪಾಠ)

ಓದತಕ್ಕ ವೇದಭಾಗಗಳು: ಯೆಶಾಯ 55:1-3; ಮತ್ತಾಯ 7:7-11; ಅಪೊಸ್ತಲರ ಕೃತ್ಯಗಳು 17:10-12.



ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡನ್ನು ಕೊಂಡುಹೋದವರು ನಮ್ಮ ಸಭೆಗಳಲ್ಲಿ ಅನೇಕರಿದ್ದಾರೆ. ಅಲ್ಲಿ ನಡೆಯುವ ಕ್ರಮವನ್ನು ಅವರು ಚೆನ್ನಾಗಿ ಬಲ್ಲರು. ಕೊಳ್ಳುವವನು ರಾಶಿಯ ಮೇಲ್ಭಾಗವನ್ನು ಮಾತ್ರ ನೋಡಿ ಬೆಲೆ ಕೂಗುವದಿಲ್ಲ. ಅಡಿಗೆ ಕೈಹಾಕಿ ನಾಲ್ಕು ಗೂಡುಗಳನ್ನು ತೆಗೆಯುತ್ತಾನೆ. ಬೆರಳಿನಿಂದ ಒತ್ತಿ ನೋಡುತ್ತಾನೆ. ಕಿವಿಯ ಬಳಿಯಲ್ಲಿ ಅಲ್ಲಾಡಿಸಿ ಒಳಗಿನ ಹುಳದ ಸದ್ದನ್ನು ಕೇಳುತ್ತಾನೆ. ಇದರಿಂದ ರೈತನು ಸಿಟ್ಟುಗೊಳ್ಳುವದಿಲ್ಲ. ಅದು ವ್ಯಾಪಾರದ ನ್ಯಾಯವೆಂದು ಇಬ್ಬರೂ ಬಲ್ಲರು. ಆದರೆ ಅದೇ ರೈತನು ಗೂಡು ಮಾರಿ ಊರಿಗೆ ಹಿಂದಿರುಗುವ ಮುಂಚೆ, ಮಕ್ಕಳಿಗೋಸ್ಕರ ಬಿಸ್ಕತ್ತಿನ ಪೊಟ್ಟಣವನ್ನೂ ಬಣ್ಣದ ಪಾನಕದ ಬಾಟಲಿಯನ್ನೂ ಹಾಲಿಗೆ ಬೆರಸುವ ಪುಡಿಯ ಡಬ್ಬಿಯನ್ನೂ ಕೊಳ್ಳುವಾಗ, ಮುಂದಿನ ಚಿತ್ರವನ್ನು ಬಿಟ್ಟು ಬೇರೇನನ್ನೂ ನೋಡುವದಿಲ್ಲ. ರೇಷ್ಮೆಗೂಡಿಗೆ ಇರುವ ಪರೀಕ್ಷೆಯು ಮಗುವಿನ ಬಾಯಿಗೆ ಹೋಗುವ ಪದಾರ್ಥಕ್ಕೆ ಇಲ್ಲದೆ ಹೋಯಿತು.

ಆಹಾರವಲ್ಲದ್ದಕ್ಕೆ ಹಣ ತೆತ್ತು, ತೃಪ್ತಿಕೊಡದ್ದಕ್ಕೆ ದುಡಿದದ್ದನ್ನು ಸುರಿಯುವ ಜನರನ್ನು ಕಂಡು ಪ್ರವಾದಿಯಾದ ಯೆಶಾಯನು ವ್ಯಸನಪಟ್ಟನು. ಅವನ ಮಾತು ಮೊದಲು ಆತ್ಮಕ್ಕೆ ಸಂಬಂಧಪಟ್ಟದ್ದು ನಿಜವೇ. ಆದರೂ ಆತ್ಮವನ್ನು ಕೊಟ್ಟ ದೇವರೇ ದೇಹವನ್ನೂ ಕೊಟ್ಟಿರುವದರಿಂದ, ಬೆವರು ಸುರಿಸಿ ಗಳಿಸಿದ ಹಣವು ಎಂಥ ಪದಾರ್ಥಕ್ಕೆ ಹೋಗುತ್ತದೆಂದು ವಿಚಾರಿಸುವದು ವಿಶ್ವಾಸಿಗೆ ಅಯೋಗ್ಯವಾದ ಕೆಲಸವಲ್ಲ. ಬೆರೋಯದವರು ಪೌಲನ ಬಾಯಿಂದ ಬಂದ ಮಾತನ್ನು ಸಹ ಶಾಸ್ತ್ರದೊಡನೆ ಹೋಲಿಸಿ ನೋಡಿ ಮೆಚ್ಚಿಕೆಗೆ ಪಾತ್ರರಾದರು. ಅಪೊಸ್ತಲನ ಮಾತನ್ನೇ ಪರೀಕ್ಷಿಸಬಹುದಾದರೆ, ಪೊಟ್ಟಣದ ಮಾತನ್ನು ಪರೀಕ್ಷಿಸಬಾರದೋ?

1. ಮುಂಭಾಗವೂ ಹಿಂಭಾಗವೂ

ಪ್ರತಿಯೊಂದು ಪೊಟ್ಟಣಕ್ಕೆ ಎರಡು ಬಾಯಿಗಳಿವೆ ಎಂದು ತಿಳಿದುಕೊಳ್ಳೋಣ. ಮುಂಭಾಗವು ಮಾರುವವನ ಮಾತು. ಅದರಲ್ಲಿ ಹಣ್ಣಿನ ಚಿತ್ರ, ತೆನೆಯ ಚಿತ್ರ, ನಗುವ ಮಗುವಿನ ಚಿತ್ರ, ದೊಡ್ಡ ಅಕ್ಷರಗಳ ಹೊಗಳಿಕೆ ಇರುತ್ತವೆ. ಹಿಂಭಾಗದಲ್ಲಿ ಸಣ್ಣ ಅಕ್ಷರಗಳಲ್ಲಿರುವದು, ಕಾನೂನು ಅವನಿಂದ ಬರೆಯಿಸಿದ ಸಾಕ್ಷಿ. 2006ನೆಯ ಇಸವಿಯ ಆಹಾರ ಸುರಕ್ಷತೆಯ ಕಾನೂನೂ, ಅದರ ಕೆಳಗೆ 2020ರಲ್ಲಿ ಹೊರಟ ನಿಯಮಗಳೂ, ಪೊಟ್ಟಣದೊಳಗೆ ಏನೇನಿದೆ, ಎಷ್ಟೆಷ್ಟಿದೆ, ಎಂದು ತಯಾರಾಯಿತು, ಎಂದಿನ ವರೆಗೆ ತಿನ್ನಬಹುದು ಎಂಬದನ್ನು ತಿಳಿಸಲೇಬೇಕೆಂದು ವಿಧಿಸುತ್ತವೆ. ಮುಂದಿನ ಹೊಗಳಿಕೆಗೂ 2018ರ ನಿಯಮಗಳು ಮೇರೆ ಹಾಕಿವೆ. ಆದರೂ ಮೇರೆಯೊಳಗೇ ನಿಂತು ಮನಸ್ಸನ್ನು ಮರುಳುಮಾಡುವ ಜಾಣತನವು ವ್ಯಾಪಾರಕ್ಕೆ ಹೊಸದಲ್ಲ. ಆದದರಿಂದ ಈ ಪಾಠದ ಸಾರವೆಲ್ಲಾ ಇದೇ: ಮುಂದಿನ ಮಾತನ್ನು ಹಿಂದಿನ ಸಾಕ್ಷಿಯಿಂದ ಪರೀಕ್ಷಿಸಬೇಕು.

ಇಲ್ಲಿ ನಮ್ಮ ಹಳ್ಳಿಯವರಿಗೆ ಒಂದು ಅಡ್ಡಿಯುಂಟು. ಈ ಸಾಕ್ಷಿಯು ಇಂಗ್ಲಿಷಿನಲ್ಲಾಗಲಿ ಹಿಂದಿಯಲ್ಲಾಗಲಿ ಇದ್ದರೆ ಸಾಕೆಂದು ನಿಯಮ. ಕನ್ನಡವು ಮಾರುವವನ ಇಚ್ಛೆಗೆ ಬಿಟ್ಟದ್ದು. ಆದರೂ ಕಲಿಯಬೇಕಾದ ಮಾತುಗಳು ಕೆಲವೇ. ‘ಇಂಗ್ರೀಡಿಯೆಂಟ್ಸ್’ ಎಂದರೆ ಒಳಗಿರುವ ಪದಾರ್ಥಗಳು. ‘ಆಡೆಡ್ ಶುಗರ್’ ಎಂದರೆ ಮೇಲಿಂದ ಬೆರಸಿದ ಸಕ್ಕರೆ. ‘ಫ್ಯಾಟ್’ ಎಂದರೆ ಕೊಬ್ಬು. ‘ಸೋಡಿಯಂ’ ಎಂದರೆ ಉಪ್ಪಿನ ಸತ್ವ. ‘ಯೂಸ್ ಬೈ’ ಅಥವಾ ‘ಎಕ್ಸ್‌ಪೈರಿ’ ಎಂದರೆ ತಿನ್ನುವದಕ್ಕೆ ಕಡೆಯ ದಿನ. ಮನೆಯಲ್ಲಿ ಶಾಲೆಗೆ ಹೋಗುವ ಹುಡುಗನೋ ಹುಡುಗಿಯೋ ಇದ್ದರೆ, ಅಜ್ಜಿಯು ಅವರಿಂದ ಇದನ್ನು ಓದಿಸಿ ಕೇಳಬಹುದು. ಮೊಮ್ಮಗಳು ಓದಿ, ಅಜ್ಜಿಯು ತೀರ್ಪುಮಾಡುವ ಮನೆಯು ಭಾಗ್ಯವುಳ್ಳದ್ದು.

2. ಪದಾರ್ಥಗಳ ಪಟ್ಟಿ

ಈ ಪಟ್ಟಿಯ ಗುಟ್ಟು ಅದರ ಕ್ರಮದಲ್ಲಿದೆ. ಯಾವದು ತೂಕದಲ್ಲಿ ಹೆಚ್ಚಾಗಿದೆಯೋ ಅದನ್ನು ಮೊದಲು ಬರೆಯಬೇಕು. ಕಡಿಮೆಯಾದದ್ದನ್ನು ಕಡೆಗೆ ಬರೆಯಬೇಕು. ಆದದರಿಂದ ಮೊದಲಿನ ಮೂರು ಹೆಸರುಗಳನ್ನು ಓದಿದವನು ಪೊಟ್ಟಣದ ಬಹು ಭಾಗವನ್ನು ಓದಿದಂತೆಯೇ.

ಒಂದು ರಾಗಿ ಬಿಸ್ಕತ್ತಿನ ಪೊಟ್ಟಣವನ್ನು ದೃಷ್ಟಾಂತಕ್ಕಾಗಿ ನೆನಸಿಕೊಳ್ಳೋಣ. ಮುಂದೆ ತೂಗುವ ರಾಗಿಯ ತೆನೆ. ಮಾಗಡಿಯ ತಾಯಿಯೊಬ್ಬಳು ಅದನ್ನು ಕಂಡು, ನಮ್ಮ ಹೊಲದ ಧಾನ್ಯವಲ್ಲವೇ ಎಂದು ನಂಬಿ ಕೊಳ್ಳುತ್ತಾಳೆ. ಹಿಂದೆ ತಿರುಗಿಸಿದರೆ ಮೊದಲು ಮೈದಾ, ಎರಡನೆಯದಾಗಿ ಸಕ್ಕರೆ, ಮೂರನೆಯದಾಗಿ ತಾಳೆ ಎಣ್ಣೆ, ಅದರ ತರುವಾಯ ರಾಗಿ ಹಿಟ್ಟು ನೂರಕ್ಕೆ ಆರು ಪಾಲು ಎಂದು ಇದ್ದರೆ, ಆಕೆಯು ಕೊಂಡದ್ದು ಯಾವದನ್ನು? ಮೈದಾವನ್ನೂ ಸಕ್ಕರೆಯನ್ನೂ ಕೊಂಡಳು. ರಾಗಿಯು ಹೆಸರಿಗೆ ಮಾತ್ರ ಬಂತು. ಮುಂದೆ ಯಾವದಾದರೊಂದು ಪದಾರ್ಥವನ್ನು ಎತ್ತಿ ಹೊಗಳಿದರೆ, ಅದು ನೂರಕ್ಕೆ ಎಷ್ಟು ಪಾಲು ಇದೆ ಎಂಬದನ್ನು ಹೇಳಬೇಕೆಂದು ನಿಯಮವಿದೆ. ಆ ಅಂಕಿಯನ್ನು ಹುಡುಕಿರಿ. ಆಕೆಯ ಮನೆಯ ಮಡಕೆಯಲ್ಲಿರುವ ರಾಗಿಯಾದರೋ ನೂರಕ್ಕೆ ನೂರು ರಾಗಿಯೇ. ಅದರ ನೂರು ಗ್ರಾಮಿನಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದ ಸತ್ವವೂ 7 ಗ್ರಾಂ ಪ್ರೋಟೀನೂ 11 ಗ್ರಾಂ ನಾರೂ ಇವೆ ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2017ರಲ್ಲಿ ಪ್ರಕಟಿಸಿತು. ಆ ಸುಣ್ಣದ ಸತ್ವವೆಲ್ಲವನ್ನೂ ದೇಹವು ಹೀರಿಕೊಳ್ಳದಿದ್ದರೂ, ತೂಕಕ್ಕೆ ತೂಕ ನೋಡಿದರೆ ಅದು ಹಸುವಿನ ಹಾಲಿನಲ್ಲಿರುವದರ ಸುಮಾರು ಮೂರರಷ್ಟು. ಇಂಥ ಧಾನ್ಯವನ್ನು ಬೆಳೆದು ಮಾರಿ, ಅದರ ಚಿತ್ರವನ್ನು ಹಣಕೊಟ್ಟು ತರುವದು ಎಂಥ ವ್ಯಾಪಾರ!

ಮಾವಿನ ಸಂಗತಿಯೂ ಹೀಗೆಯೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ತೋಪುಗಳ ಬಾದಾಮಿಯೂ ಸೇಂದೂರವೂ ಬೇಸಿಗೆಯಲ್ಲಿ ಬೇರೆ ಸೀಮೆಗಳ ಹಣ್ಣಿಗಿಂತ ಮುಂಚೆ ಪೇಟೆಗೆ ಬರುತ್ತವೆ. ಆದರೂ ನಮ್ಮ ಮಕ್ಕಳು ವರ್ಷವಿಡೀ ಮಾವಿನ ಚಿತ್ರವುಳ್ಳ ಬಾಟಲಿಗೆ ಕೈಚಾಚುತ್ತಾರೆ. ಹಣ್ಣಿನ ಪಾನೀಯವೆಂದು ಮಾರುವದರಲ್ಲಿ ಹಣ್ಣಿನ ರಸವು ನೂರಕ್ಕೆ ಹತ್ತು ಪಾಲಿದ್ದರೆ ಸಾಕೆಂದು ಕಾನೂನು ಒಪ್ಪುತ್ತದೆ. ಉಳಿದದ್ದರಲ್ಲಿ ಬಹುಪಾಲು ನೀರೂ ಸಕ್ಕರೆಯೂ. 2024ರ ಮೇ ತಿಂಗಳಲ್ಲಿ ಅದೇ ಪೋಷಣ ಸಂಸ್ಥೆಯು ಹೊರಡಿಸಿದ ಆಹಾರ ಸೂಚನೆಗಳಲ್ಲಿ, ಇಷ್ಟು ಅಲ್ಪ ರಸವಿದ್ದರೂ ನಿಜವಾದ ಹಣ್ಣಿನಿಂದ ಮಾಡಿದ್ದೆಂದು ಹೊಗಳಿಕೊಳ್ಳುವದುಂಟೆಂದು ಜನರಿಗೆ ಎಚ್ಚರಿಕೆ ಕೊಟ್ಟಿತು. ಹಣ್ಣನ್ನು ಕಡಿದು ತಿನ್ನುವ ಮಗುವಿಗೆ ನಾರೂ ಸಿಕ್ಕುತ್ತದೆ, ಹೊಟ್ಟೆಯೂ ತುಂಬುತ್ತದೆ.

ಪಟ್ಟಿಯಲ್ಲಿ ಸಕ್ಕರೆಯು ತನ್ನ ಹೆಸರಿನಿಂದಲೇ ಬರುವದೆಂದು ನೆನಸಬೇಡಿರಿ. ಲಿಕ್ವಿಡ್ ಗ್ಲೂಕೋಸ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್, ಫ್ರಕ್ಟೋಸ್ ಎಂಬವೆಲ್ಲಾ ಅದರ ಬಂಧುಬಳಗವೇ. ಮಾಲ್ಟೋಡೆಕ್ಸ್‌ಟ್ರಿನ್ ಎಂಬದು ಲೆಕ್ಕದಲ್ಲಿ ಸಕ್ಕರೆಯಲ್ಲದಿದ್ದರೂ ಹೊಟ್ಟೆಯಲ್ಲಿ ಬೇಗ ಸಕ್ಕರೆಯಾಗುತ್ತದೆ. ಒಂದೇ ಪದಾರ್ಥವನ್ನು ಮೂರು ಹೆಸರಾಗಿ ಹಂಚಿದರೆ ಪ್ರತಿಯೊಂದೂ ಪಟ್ಟಿಯ ಕೆಳಕ್ಕೆ ಇಳಿಯುತ್ತದೆ.

ಅಂಕಿಗಳಿಂದ ಸೂಚಿಸಿದ ಪದಾರ್ಥಗಳನ್ನು ಕಂಡು ಕೆಲವರು ಭಯಪಡುತ್ತಾರೆ. ಎಲ್ಲವೂ ವಿಷವಲ್ಲ. ಐ.ಎನ್.ಎಸ್. 500 ಎಂಬದು ಅಡಿಗೆ ಸೋಡ. 330 ಎಂಬದು ನಿಂಬೆಯ ಹುಳಿಯ ಸತ್ವ. 102 ಎಂಬದಾದರೋ ಟಾರ್ಟ್ರಜೀನ್ ಎಂಬ ಹಳದಿ ಬಣ್ಣ. ಚನ್ನಪಟ್ಟಣದ ಬೊಂಬೆಗೆ ಬಣ್ಣಹಾಕುವ ಒಳ್ಳೇ ಕುಶಲನು, ಮಗುವು ಅದನ್ನು ಬಾಯಿಗಿಡುವದೆಂದು ಬಲ್ಲವನಾಗಿ, ಹಾಲೆಮರದ ಮೇಲೆ ಹಾನಿಯಿಲ್ಲದ ಬಣ್ಣದ ಅರಗನ್ನು ಮೆತ್ತುತ್ತಾನೆ. ಬೊಂಬೆಗೆ ತೋರಿಸುವ ಎಚ್ಚರಿಕೆಯನ್ನು ತಿಂಡಿಗೆ ತೋರಿಸದವರೂ ಇದ್ದಾರೆ. 2024ರ ಮಾರ್ಚ್ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಬಾಂಬೆ ಮಿಠಾಯಿಯಲ್ಲಿ ರೋಡಮೀನ್-ಬಿ ಎಂಬ ಬಣ್ಣವನ್ನೂ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಗಳನ್ನೂ ನಿಷೇಧಿಸಬೇಕಾಯಿತು. ಸಂತೆಯ ಬಂಡಿಯ ತಿಂಡಿಗೆ ಹಿಂಭಾಗದ ಸಾಕ್ಷಿಯೇ ಇಲ್ಲವಾದ್ದರಿಂದ, ಅದು ಕಣ್ಣು ಕುಕ್ಕುವಷ್ಟು ಕೆಂಪಾಗಿದ್ದರೆ ಬಿಟ್ಟುಬಿಡುವದೇ ಲೇಸು.

3. ಅಂಕಿಗಳ ಪಟ್ಟಿ

ಪದಾರ್ಥಗಳ ಬಳಿಯಲ್ಲಿಯೇ ಅಂಕಿಗಳ ಚೌಕವೊಂದಿರುತ್ತದೆ. ಇದು ನಮ್ಮಂಥವರಿಗಲ್ಲವೆಂದು ಬಿಡಬೇಡಿರಿ. ಸಂತೆಯಲ್ಲಿ ಅಣಾಪೈಸೆಯ ಲೆಕ್ಕವನ್ನು ಬಾಯಲ್ಲೇ ಮಾಡಿದ ಹಿರಿಯರ ಮಕ್ಕಳು ನಾವು. ಎರಡು ಲೆಕ್ಕಗಳನ್ನು ಕಲಿತರೆ ಸಾಕು.

ಮೊದಲನೆಯದು ಸಕ್ಕರೆಯ ಲೆಕ್ಕ. ಟೀ ಚಮಚೆಯೊಂದಕ್ಕೆ ಸುಮಾರು 4 ಗ್ರಾಂ ಸಕ್ಕರೆಯೆಂದು ಇಟ್ಟುಕೊಳ್ಳಿರಿ. ಬಿಸ್ಕತ್ತಿನ ಪೊಟ್ಟಣದಲ್ಲಿ ನೂರು ಗ್ರಾಮಿಗೆ 24 ಗ್ರಾಂ ಬೆರಸಿದ ಸಕ್ಕರೆ ಎಂದು ಇದ್ದು, ಪೊಟ್ಟಣವು 75 ಗ್ರಾಮಿನದಾದರೆ, ಅದರಲ್ಲಿ 18 ಗ್ರಾಂ, ಅಂದರೆ ನಾಲ್ಕೂವರೆ ಚಮಚೆ ಸಕ್ಕರೆ. ಪಾನಕದ ಬಾಟಲಿಯಲ್ಲಿ ನೂರು ಮಿಲಿಲೀಟರಿಗೆ 13 ಗ್ರಾಂ ಎಂದು ಇದ್ದು, ಬಾಟಲಿಯು 200 ಮಿಲಿಲೀಟರಾದರೆ, 26 ಗ್ರಾಂ, ಅಂದರೆ ಆರೂವರೆ ಚಮಚೆ. ಎರಡನ್ನೂ ಒಂದೇ ಸಾಯಂಕಾಲ ತೀರಿಸಿದ ಮಗುವಿನ ಹೊಟ್ಟೆಗೆ 44 ಗ್ರಾಂ, ಹನ್ನೊಂದು ಚಮಚೆ ಸಕ್ಕರೆ ಸೇರಿತು. ದೊಡ್ಡವನೊಬ್ಬನಿಗೆ ದಿನವೆಲ್ಲಾ 50 ಗ್ರಾಂ ಮೀರಬಾರದೆಂಬ ಅಳತೆಯ ಮೇಲೆ ಈ ಚೌಕಗಳ ಲೆಕ್ಕವನ್ನು ಕಟ್ಟಿದ್ದಾರೆ. ಚಿಕ್ಕ ಮಗುವಿಗೆ ಅದಕ್ಕಿಂತ ಬಹಳ ಕಡಿಮೆಯೇ ಸಾಕು. ತನ್ನ ಕೈಯಿಂದ ಲೋಟಕ್ಕೆ ಹನ್ನೊಂದು ಚಮಚೆ ಸಕ್ಕರೆ ಹಾಕಿ ಮಗುವಿಗೆ ಕುಡಿಸುವ ತಾಯಿಯು ಯಾವಳು? ಪೊಟ್ಟಣದ ಮರೆಯಲ್ಲಿ ಮಾತ್ರ ಇದು ನಡೆಯುತ್ತದೆ.

ಎರಡನೆಯದು ಉಪ್ಪಿನ ಲೆಕ್ಕ. ಸೋಡಿಯಮಿನ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಬರುತ್ತದೆ. 1,000 ಮಿಲಿಗ್ರಾಂ ಸೋಡಿಯಂ ಎಂದರೆ ಎರಡೂವರೆ ಗ್ರಾಂ ಉಪ್ಪು. ದಿನಕ್ಕೆ 5 ಗ್ರಾಂ ಮೀರಬಾರದೆಂದು ಹೇಳಿರುವಾಗ, ಶಾವಿಗೆಯಂಥ ನೂಡಲ್ಸಿನಲ್ಲಿಯೋ ಖಾರದ ಕುರುಕಲಿನಲ್ಲಿಯೋ ಅರ್ಧ ದಿನದ ಉಪ್ಪು ಮುಗಿದುಹೋದೀತು. ರಕ್ತದ ಒತ್ತಡಕ್ಕೆ ಮಾತ್ರೆ ನುಂಗುವ ಹಿರಿಯರು ಸಾರಿನ ಉಪ್ಪನ್ನು ಕಡಿಮೆಮಾಡಿ ಕುರುಕಲಿನ ಉಪ್ಪನ್ನು ಬಿಡದಿದ್ದರೆ ಪ್ರಯೋಜನವೇನು?

ಒಂದು ಎಚ್ಚರಿಕೆ. ಕೆಲವು ಅಂಕಿಗಳು ‘ಪರ್ ಸರ್ವ್’ ಎಂದು, ಅಂದರೆ ಒಂದು ಪಾಲಿಗೆ ಎಂದು, ಇರುತ್ತವೆ. ಆ ಪಾಲು ಎರಡೋ ಮೂರೋ ಬಿಸ್ಕತ್ತಾಗಿರಬಹುದು. ಮಗುವು ಪೊಟ್ಟಣವನ್ನೆಲ್ಲಾ ತಿಂದರೆ ಲೆಕ್ಕವೂ ಪೊಟ್ಟಣಕ್ಕೆಲ್ಲಾ ಆಗಬೇಕು. ಇದಲ್ಲದೆ, ನೂರು ಚದರ ಸೆಂಟಿಮೀಟರಿಗಿಂತ ದೊಡ್ಡದಲ್ಲದ ಚಿಕ್ಕ ಪೊಟ್ಟಣಗಳ ಮೇಲೆ ಈ ಪಟ್ಟಿಗಳನ್ನು ಹಾಕದಿರುವದಕ್ಕೆ ನಿಯಮವು ಅವಕಾಶ ಕೊಟ್ಟಿದೆ; ಅವು ದೊಡ್ಡ ಕಟ್ಟಿನ ಮೇಲೆ ಇದ್ದರೆ ಸಾಕು. ನಮ್ಮ ಹಳ್ಳಿಯ ಅಂಗಡಿಗಳಲ್ಲಿ ಸರವಾಗಿ ತೂಗುವ ಪೊಟ್ಟಣಗಳಲ್ಲಿ ಇಂಥವು ಉಂಟು. ಬಡವನ ಮಗುವು ಕೊಳ್ಳುವ ಪೊಟ್ಟಣವೇ ಬಾಯಿಲ್ಲದ ಸಾಕ್ಷಿಯಾಗಿರುವದರಿಂದ, ಅಂಗಡಿಯವರನ್ನು ಕೇಳಿ ದೊಡ್ಡ ಕಟ್ಟಿನ ಬರಹವನ್ನು ಒಂದಾವರ್ತಿ ನೋಡಿರಿ.

4. ಕೆಲವು ಹೊಗಳಿಕೆಗಳ ಬೆಲೆ

‘ಹೆಲ್ತ್ ಡ್ರಿಂಕ್’, ಅಂದರೆ ಆರೋಗ್ಯ ಪಾನೀಯ. ಇಂಥದೊಂದು ವರ್ಗವೇ ಆಹಾರದ ಕಾನೂನಿನಲ್ಲಿ ಇಲ್ಲ. 2024ರ ಏಪ್ರಿಲ್ ತಿಂಗಳಲ್ಲಿ ಕೇಂದ್ರ ಸರ್ಕಾರವು, ಹಾಲಿಗೆ ಬೆರಸುವ ಪುಡಿಗಳನ್ನೂ ಇತರ ಪಾನೀಯಗಳನ್ನೂ ಆ ಹೆಸರಿನ ಕೆಳಗೆ ಮಾರಬಾರದೆಂದು ಅಂತರ್ಜಾಲದ ವ್ಯಾಪಾರಿಗಳಿಗೆ ತಿಳಿಸಿತು. ಡಬ್ಬಿಯ ಹಿಂದೆ ನೂರು ಗ್ರಾಮಿಗೆ ಮೂವತ್ತು ಗ್ರಾಂ ಸಕ್ಕರೆ ಕಂಡುಬಂದರೆ, ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಸಕ್ಕರೆಗೇ ಹಣ ಕೊಟ್ಟಂತಾಯಿತು.

‘ನೂರಕ್ಕೆ ನೂರು ಹಣ್ಣಿನ ರಸ’. ಗಟ್ಟಿಮಾಡಿದ ರಸಕ್ಕೆ ನೀರು ಬೆರಸಿ ಮಾರುವವರು ಹೀಗೆ ಹೇಳಿಕೊಳ್ಳಬಾರದೆಂದು ಆಹಾರ ಪ್ರಾಧಿಕಾರವು 2024ರ ಜೂನ್ ತಿಂಗಳಲ್ಲಿ ಆಜ್ಞಾಪಿಸಿತು.

‘ಕೊಲೆಸ್ಟೆರಾಲ್ ಇಲ್ಲ’. ಕಡಲೆಕಾಯಿ, ಸೂರ್ಯಕಾಂತಿ ಮೊದಲಾದ ಗಿಡದ ಎಣ್ಣೆಗಳಲ್ಲಿ ಹುಟ್ಟಿನಿಂದಲೇ ಅದು ಇರುವದಿಲ್ಲವೆನ್ನಬಹುದು. ಇಲ್ಲದ್ದನ್ನು ಇಲ್ಲವೆಂದು ಹೇಳಿ ಹೆಚ್ಚು ಬೆಲೆ ಕೇಳಿದರೆ ಕೊಡಬೇಕೋ?

‘ಸಕ್ಕರೆ ಬೆರಸಿಲ್ಲ’. ಇದನ್ನು ನಂಬಿ ಸಕ್ಕರೆ ಕಾಯಿಲೆಯವರು ಬಿಸ್ಕತ್ತನ್ನು ಲೆಕ್ಕವಿಲ್ಲದೆ ತಿನ್ನುವದುಂಟು. ಸಕ್ಕರೆ ಇಲ್ಲದಿದ್ದರೂ ಮೈದಾ ಇದೆ. ಮೈದಾವು ಹೊಟ್ಟೆಯಲ್ಲಿ ಸಕ್ಕರೆಯೇ ಆಗುತ್ತದೆ.

ಹಸುರು ಚುಕ್ಕೆಯು ಅದು ಸಸ್ಯಾಹಾರವೆಂದು ಮಾತ್ರ ಹೇಳುತ್ತದೆ. ಹದಿನಾಲ್ಕು ಅಂಕಿಗಳ ಲೈಸನ್ಸು, ತಯಾರಿಸಿದವನ ಹೆಸರು ಸರ್ಕಾರದ ದಫ್ತರದಲ್ಲಿದೆ ಎಂದು ಮಾತ್ರ ಹೇಳುತ್ತದೆ. ಎರಡೂ ಬೇಕಾದವುಗಳೇ, ಆದರೆ ಎರಡರಲ್ಲಿ ಒಂದೂ ಆ ತಿಂಡಿಯು ದೇಹಕ್ಕೆ ಹಿತವೆಂದು ಸಾಕ್ಷಿಕೊಡುವದಿಲ್ಲ.

5. ಮೂರು ಅಕ್ಷರಗಳೂ ಭೇದಿಯಾದ ಮಗುವೂ

ಇದು ವರೆಗೆ ಹೇಳಿದವುಗಳಲ್ಲಿ ತಪ್ಪಿದರೆ ಹಾನಿಯು ಮೆಲ್ಲಗೆ ಬರುತ್ತದೆ. ಆದರೆ ಒಂದು ಸಂಗತಿಯಲ್ಲಿ ಹಾನಿಯು ಒಂದೆರಡು ದಿನಗಳಲ್ಲೇ ಬಂದೀತು. ತಾಯಂದಿರು ಇದನ್ನು ಗಮನವಿಟ್ಟು ಓದಲಿ, ಓದಲಾರದವರಿಗೆ ಓದಿ ಹೇಳಲಿ.

1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ರೋಗವು ಹರಡಿದಾಗ, ವೈದ್ಯರಾದ ದಿಲೀಪ್ ಮಹಲನಬಿಸ್ ಎಂಬವರು ಉಪ್ಪು, ಸೋಡ, ಗ್ಲೂಕೋಸುಗಳನ್ನು ಅಳತೆಯಾಗಿ ನೀರಿನಲ್ಲಿ ಬೆರಸಿ ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಮೂವತ್ತು ಮಂದಿ ಸಾಯುತ್ತಿದ್ದಲ್ಲಿ, ಸಾವು ನಾಲ್ಕಕ್ಕಿಂತ ಕಡಿಮೆಗೆ ಇಳಿಯಿತು. ಅದೇ ನಾವು ಓ.ಆರ್.ಎಸ್. ಎನ್ನುವ ಔಷಧಿ. ಅದರ ಶಕ್ತಿಯೆಲ್ಲಾ ಅಳತೆಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆಯು ನೇಮಿಸಿದ ಪ್ರಕಾರ ಒಂದು ಲೀಟರು ನೀರಿಗೆ ಉಪ್ಪು 2.6 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 1.5 ಗ್ರಾಂ, ಸಿಟ್ರೇಟ್ 2.9 ಗ್ರಾಂ, ಗ್ಲೂಕೋಸ್ 13.5 ಗ್ರಾಂ. ಸಕ್ಕರೆಯು ಇದಕ್ಕಿಂತ ಬಹಳ ಹೆಚ್ಚಾದರೆ ಅದು ದೇಹದ ನೀರನ್ನು ಕರುಳಿಗೆ ಎಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಹೀಗಿರಲಾಗಿ, ಸಿಹಿಯಾದ ಹಣ್ಣಿನ ಪಾನೀಯಗಳನ್ನು ಹೆಸರಿನಲ್ಲಿ ಇದೇ ಮೂರು ಅಕ್ಷರಗಳನ್ನು ಸೇರಿಸಿ ಮಾರುತ್ತಿದ್ದರು. ಇದು ಔಷಧಿಯಲ್ಲವೆಂಬ ಮಾತನ್ನೂ ಬರೆದರೆ ಸಾಕೆಂದು 2022ರಲ್ಲಿ ಅಪ್ಪಣೆಯೂ ಸಿಕ್ಕಿತ್ತು. ದೊಡ್ಡ ಅಕ್ಷರಗಳನ್ನು ತಾಯಿ ಕಂಡಳು. ಸಣ್ಣ ಅಕ್ಷರಗಳನ್ನು ಕಾಣಲಿಲ್ಲ. ಹೈದರಾಬಾದಿನ ಮಕ್ಕಳ ವೈದ್ಯೆಯಾದ ಶಿವರಂಜನಿ ಸಂತೋಷ್ ಎಂಬವರು ವರುಷಗಟ್ಟಲೆ ಇದನ್ನು ವಿರೋಧಿಸಿದರು. ಕಡೆಗೆ 2025ರ ಅಕ್ಟೋಬರ್ 14ರಂದು ಆಹಾರ ಪ್ರಾಧಿಕಾರವು ಆ ಅಪ್ಪಣೆಯನ್ನು ಹಿಂದೆಗೆದು, ಪಾನೀಯಗಳ ಹೆಸರಿನಲ್ಲಿ ಆ ಅಕ್ಷರಗಳು ಇರಬಾರದೆಂದು ಆಜ್ಞಾಪಿಸಿತು. ಒಬ್ಬ ಸ್ತ್ರೀಯು ಪೊಟ್ಟಣದ ಹಿಂಭಾಗವನ್ನು ಓದಿ ಸುಮ್ಮನಿರದೆ ಹೋದದ್ದರ ಫಲವಿದು.

ಆದಕಾರಣ ಮಗುವಿಗೆ ಭೇದಿಯಾದರೆ ಸಿಹಿ ಪಾನೀಯದ ಡಬ್ಬಿಯನ್ನು ತರಬೇಡಿರಿ. ಆಶಾ ಕಾರ್ಯಕರ್ತೆಯ ಬಳಿಯಲ್ಲಾಗಲಿ ಆರೋಗ್ಯ ಕೇಂದ್ರದಲ್ಲಾಗಲಿ ಪುಡಿಯ ಪೊಟ್ಟಣವನ್ನು ಕೇಳಿರಿ. ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯೆಂದು ಅದರ ಮೇಲೆ ಇದೆಯೋ ಎಂದು ಓದಿಸಿರಿ. ಪೊಟ್ಟಣದಲ್ಲಿ ಹೇಳಿದಷ್ಟೇ ನೀರನ್ನು ಕಾಯಿಸಿ ಆರಿಸಿ ಪುಡಿಯನ್ನೆಲ್ಲಾ ಬೆರಸಿ, ಸ್ವಲ್ಪಸ್ವಲ್ಪವಾಗಿ ಕುಡಿಸಿರಿ. ಒಂದು ದಿನ ಕಳೆದದ್ದನ್ನು ಚೆಲ್ಲಿರಿ. ಎದೆಹಾಲನ್ನು ನಿಲ್ಲಿಸಬೇಡಿರಿ. ಜಿಂಕ್ ಮಾತ್ರೆಯನ್ನು ಅವರು ಹೇಳಿದ ಪ್ರಕಾರ ಹದಿನಾಲ್ಕು ದಿನ ಕೊಡಿರಿ. ಕಣ್ಣು ಗುಳಿಬಿದ್ದರೆ, ಮಗುವು ಕುಡಿಯಲಾರದೆ ಮಂಕಾದರೆ, ಮಲದಲ್ಲಿ ರಕ್ತ ಕಂಡರೆ, ತಡಮಾಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ.

ರೊಟ್ಟಿ ಕೇಳುವ ಮಗನಿಗೆ ಕಲ್ಲನ್ನು ಕೊಡುವ ತಂದೆ ಇದ್ದಾನೋ ಎಂದು ಕರ್ತನು ಕೇಳಿದ್ದುಂಟು. ಬೇಕೆಂದು ಕೊಡುವವನು ಯಾವನೂ ಇಲ್ಲ. ಆದರೆ ರೊಟ್ಟಿಯ ಚಿತ್ರವನ್ನು ಕಂಡು ತಿಳಿಯದೆ ಕಲ್ಲನ್ನು ಕೊಡುವ ತಂದೆತಾಯಿಗಳು ಇರಬಹುದು. ಪ್ರೀತಿಯು ಇದ್ದರೆ ಸಾಲದು. ಅದಕ್ಕೆ ಕಣ್ಣೂ ಬೇಕು.

6. ಸಭೆಗೆ ಒಂದು ಮಾತು

ಪೊಟ್ಟಣದ ತಿಂಡಿಯು ಅಶುದ್ಧವೆಂದಾಗಲಿ, ಅದನ್ನು ಕೊಳ್ಳುವವರು ಪಾಪಿಗಳೆಂದಾಗಲಿ ನಾವು ಹೇಳುವದಿಲ್ಲ. ತಿನ್ನುವದನ್ನು ಕುರಿತು ಸಹೋದರನಿಗೆ ತೀರ್ಪುಮಾಡಬಾರದೆಂದು ಪೌಲನು ರೋಮಾಪುರದವರಿಗೆ ಬೋಧಿಸಿದ್ದಾನೆ. ಹೊತ್ತಾರೆ ಹಿಪ್ಪುನೇರಳೆಯ ಸೊಪ್ಪು ಕೊಯ್ಯಲು ಹೊರಡುವ ತಾಯಿಗೆ ಒಂದು ಬಿಸ್ಕತ್ತಿನ ಪೊಟ್ಟಣವು ಎಷ್ಟು ಅನುಕೂಲವೆಂಬದನ್ನು ನಾವು ಬಲ್ಲೆವು. ಆದರೆ ಪ್ರತಿದಿನದ ಆಹಾರವು ರಾಗಿ ಮುದ್ದೆ, ಹುರುಳಿ ಸಾರು, ಸೊಪ್ಪು, ಅವರೆಕಾಳು, ಹಣ್ಣು ಇವೇ ಆಗಿರಲಿ. ಪೊಟ್ಟಣವು ಆಗಾಗ್ಗೆ ಬರುವ ಅತಿಥಿಯಾಗಿರಲಿ, ಮನೆಯ ಯಜಮಾನನಾಗದಿರಲಿ. ಅವಸರಕ್ಕೆ ರಾಗಿ ಹುರಿಹಿಟ್ಟೂ ಬೆಲ್ಲವೂ ನಮ್ಮಲ್ಲಿಲ್ಲವೇ?

ನಮ್ಮ ಆದಿತ್ಯವಾರದ ಶಾಲೆಗಳಲ್ಲಿಯೂ ಕ್ರಿಸ್ಮಸ್ ಹಬ್ಬದಲ್ಲಿಯೂ ಮಕ್ಕಳಿಗೆ ಬಣ್ಣದ ಪಾನಕವನ್ನೂ ಕ್ರೀಮು ತುಂಬಿದ ಬಿಸ್ಕತ್ತನ್ನೂ ಹಂಚುವ ವಾಡಿಕೆ ಬಂದಿದೆ. ಅದರ ಬದಲಿಗೆ ಬಾಳೆಯ ಹಣ್ಣನ್ನೂ ಕಡಲೆಕಾಯಿ ಮಿಠಾಯಿಯನ್ನೂ ಹಂಚಿದರೆ ಮಕ್ಕಳ ಸಂತೋಷವು ಕಡಿಮೆಯಾಗದು. ಅಂಗಡಿ ಇಟ್ಟಿರುವ ಸಹೋದರರು ದಿನ ಮೀರಿದ ಪೊಟ್ಟಣವನ್ನು ಸಾಲಿನಿಂದ ತೆಗೆದುಹಾಕಲಿ; ಎರಡು ವಿಧದ ತೂಕದ ಕಲ್ಲುಗಳನ್ನು ಚೀಲದಲ್ಲಿಡಬಾರದೆಂಬ ಧರ್ಮಶಾಸ್ತ್ರದ ವಿಧಿಯು ಇದಕ್ಕೂ ಸಲ್ಲುತ್ತದೆ. ಮೋಸ ಕಂಡುಬಂದರೆ ಪೊಟ್ಟಣವನ್ನೂ ರಸೀತಿಯನ್ನೂ ಇಟ್ಟುಕೊಂಡು ತಾಲ್ಲೂಕಿನ ಆಹಾರ ಸುರಕ್ಷತಾ ಅಧಿಕಾರಿಗೆ ತಿಳಿಸಬಹುದು. 1915 ಎಂಬ ಗ್ರಾಹಕರ ಸಹಾಯವಾಣಿಗೂ ಹೇಳಬಹುದು.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರೆದದ್ದು ಏನನ್ನು ಸೂಚಿಸುತ್ತದೆ?
2. ನೂರು ಗ್ರಾಮಿಗೆ 20 ಗ್ರಾಂ ಸಕ್ಕರೆಯುಳ್ಳ 60 ಗ್ರಾಮಿನ ಪೊಟ್ಟಣದಲ್ಲಿ ಎಷ್ಟು ಚಮಚೆ ಸಕ್ಕರೆ ಇದೆ?
3. 800 ಮಿಲಿಗ್ರಾಂ ಸೋಡಿಯಂ ಎಂದರೆ ಎಷ್ಟು ಉಪ್ಪು?
4. ನಿಜವಾದ ಓ.ಆರ್.ಎಸ್. ಪುಡಿಯನ್ನು ಹೇಗೆ ಗುರುತಿಸುವಿರಿ? ಅದು ನಿಮ್ಮ ಊರಿನಲ್ಲಿ ಯಾರ ಬಳಿ ಸಿಕ್ಕುತ್ತದೆ?
5. ಬೆರೋಯದವರ ನಡತೆಯನ್ನು ಸಂತೆಗೆ ಹೋದಾಗ ಹೇಗೆ ಅನುಸರಿಸಬಹುದು?

ಮುಂದಿನ ಕೂಟಕ್ಕೆ ಬರುವಾಗ ಪ್ರತಿಯೊಬ್ಬ ತಾಯಿಯೂ ತನ್ನ ಮನೆಯಲ್ಲಿ ಬರಿದಾದ ಒಂದು ಪೊಟ್ಟಣವನ್ನು ಬಿಸಾಡದೆ ತರಲಿ. ಓದಬಲ್ಲವರು ಓದಲಾರದವರ ಪಕ್ಕದಲ್ಲಿ ಕೂತು, ಹಿಂಭಾಗವನ್ನು ಮೇಲುಮಾಡಿ, ಮೊದಲಿನ ಮೂರು ಹೆಸರುಗಳಿಂದ ಪ್ರಾರಂಭಿಸಲಿ. ದಿನದಿನದ ಆಹಾರಕ್ಕಾಗಿ ಬೇಡಿಕೊಳ್ಳಲು ನಮಗೆ ಕಲಿಸಿದ ಕರ್ತನು, ಆ ಆಹಾರವನ್ನು ವಿವೇಕದಿಂದ ಆರಿಸಿಕೊಳ್ಳುವ ಬುದ್ಧಿಯನ್ನೂ ನಮ್ಮ ಮನೆಗಳಿಗೆ ದಯಪಾಲಿಸಲಿ.